ಒಗ್ಗರಣೆಗೆ ಕೊಡೆ ಹಿಡಿದ ಕಥಾನಾಯಕಿ

ನಮ್ಮತ್ತೆಯ ಮನೆಯ ವಿಳಾಸ ನನಗಿಂತ ಚೆನ್ನಾಗಿ ಗೊತ್ತಿದ್ದದ್ದು ಫೈರ್ ಇಂಜಿನ್ನಿನವರಿಗೆ! ಅತ್ತೆ ಎಂದೊಡನೆ ಹೆಂಡತಿಯ ತಾಯಿಯೆಂದು ತಿಳಿದು ಗಂಡಸರು ಯಾರೂ ಖುಷಿಪಡಬೇಕಾಗಿಲ್ಲ. ಈಕೆ ನಮ್ಮಪ್ಪನ ಅಕ್ಕ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಮದರಾಸಿನ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಕಾಲದ ಕಥಾನಾಯಕಿಯಾಗಿ ಮಿಂಚಿ, ಕೊನೆಗೆ ಕೆನಡಾದ ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟೊಂದರಲ್ಲಿ ವಿಜ್ಞಾನಿಯಾಗಿ ನೆಲೆಸಿದವರು. ವಿಜ್ಞಾನಿ ಎಂಬ ಪಟ್ಟ ಕೊಟ್ಟವರು ಯಾರು ಎಂದಿರಾ? ಅವರೇ!

ಮಾವ ಇಂಜಿನಿಯರು. ಆದರೂ ಮನೆಯಲ್ಲಿ ಕೆಟ್ಟ ರೇಡಿಯೋ ಬಿಚ್ಚುತ್ತಿದ್ದದ್ದು ಅತ್ತೆಯೇ. ಮದುವೆಯಾಗಿ, ಸಿನಿಮಾ ಬಿಟ್ಟು, ಅವರ ಹಿಂದೆ ಕೆನಡಾಕ್ಕೆ ಬಂದ ಮೇಲೆ ವುಡ್‌ಬ್ರಿಡ್ಜಿನ ಕಾರ್ಖಾನೆಯೊಂದರಲ್ಲಿ ತಂತಿ ಬೆಸೆಯುವ ಸಾಲ್ಡರಿಂಗ್ ಕೆಲಸಕ್ಕೆ ಸೇರಿದರು. ಅಲ್ಲಿಂದ ನಿವೃತ್ತಿಯಾಗುವವರೆಗೂ ಒಂದು ದಿನವೂ ಲಿಪ್‌ಸ್ಟಿಕ್ ಇಲ್ಲದೆ ಶಿಫ್ಟಿಗೆ ಹೋದವರಲ್ಲ. "ಕ್ಯಾಮೆರಾ ಇಲ್ಲ ಅಂದ್ಮಾತ್ರಕ್ಕೆ ಮುಖ ಇಲ್ವೇನೋ?" ಎಂದು ನನ್ನನ್ನೇ ಕೇಳಿದ್ದರು. ಮಾವ ಹೋದ ಮೇಲೆ ಅವರ ಟೂಲ್ ಬಾಕ್ಸು ಇವರ ಮೇಕಪ್ ಪೆಟ್ಟಿಗೆಯ ಪಕ್ಕಕ್ಕೆ ಬಂತು. ಅನಾಹುತ ಶುರುವಾದದ್ದು ಆವಾಗ.

ಈ ದೇಶದಲ್ಲಿ ಸಾಸಿವೆ ಚಟಪಟ ಎಂದರೆ ಸಾಕು, ಚಾವಣಿಯ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ನಾವೆಲ್ಲ ಅದಕ್ಕೊಂದು ಶವರ್ ಕ್ಯಾಪ್ ತೊಡಿಸಿ ಒಗ್ಗರಣೆ ಹಾಕುವವರು. ಅತ್ತೆಗೆ ಅದು ಅವಮಾನ. "ಅದಕ್ಯಾಕೋ ಮುಸುಕು ಹಾಕ್ತೀರ? ಹೊಗೆಗೆ ದಾರಿ ತೋರಿಸ್ಬೇಕು ಕಣೋ" ಎಂದು ಒಲೆಯ ಮೇಲೆ ಮಾವನ ಕೊಡೆ ಬಿಚ್ಚಿ ತೂಗುಹಾಕಿದರು. ಅದರ ನೆತ್ತಿಗೆ ತೂತು ಮಾಡಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಸಿಕ್ಕಿಸಿದರು. ಹೊಗೆಯನ್ನು ಬಾಲ್ಕನಿಗೆ ಅಟ್ಟಿದರು. ಸತ್ಯ ಹೇಳಬೇಕು: ಅಲಾರಂ ಚಕಾರವೆತ್ತಲಿಲ್ಲ! ಆದರೆ ಬಾಲ್ಕನಿಯಿಂದ ಭುಸಭುಸ ಹೊಗೆ ಬರುವುದನ್ನು ಕಂಡ ಮೇಲಿನ ಮನೆಯವರು ಫೋನು ಮಾಡಿದರು. ಹೆಲ್ಮೆಟ್ಟು, ಕೊಡಲಿ ಸಮೇತ ದಳ ಬಂದಿಳಿಯುವ ಹೊತ್ತಿಗೆ ಅತ್ತೆ ರೇಷ್ಮೆ ಸೀರೆ ಉಟ್ಟು, ಕೋಸಂಬರಿ ಬಟ್ಟಲು ಹಿಡಿದು ಬಾಗಿಲಲ್ಲಿದ್ದರು. ಅವರಲ್ಲೊಬ್ಬ, "ಮ್ಯಾಮ್, ವರ್ ಯೂ ಇನ್ ದಿ ಮೂವೀಸ್?" ಎಂದನಂತೆ. "ನೋಡಿದ್ಯಾ, ಅವನಿಗೆ ಕಣ್ಣಿದೆ" ಎಂದು ಅತ್ತೆ ವಾರವಿಡೀ ಬೀಗಿದರು. ಬಾಗಿಲೆದುರಿನ ಗೋಡೆಯಲ್ಲಿ ತಮ್ಮ ಸಿನಿಮಾ ಕಾಲದ ಆಳೆತ್ತರದ ಫೋಟೋ ತೂಗುಹಾಕಿದ್ದರೆ ಕಣ್ಣಿದ್ದವರು ಕೇಳದೆ ಇರುತ್ತಾರೆಯೇ?

ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲವೆಂದು ಎಲೆಕ್ಟ್ರಿಕ್ ಕಂಬಳಿಗೆ ಅದೇನೋ ತಂತಿ ಸೇರಿಸಿ, ಪಾತ್ರೆಗೆ ಹೊದಿಸಿ, ತಮ್ಮ ಮಂಚದ ಮೇಲೇ ಮಲಗಿಸಿದ್ದರು. ನಾನು ಹೋದಾಗ ಅತ್ತೆ ಸೋಫಾದಲ್ಲಿ ಮುದುರಿಕೊಂಡಿದ್ದರು. "ಇದೇನತ್ತೆ, ಇಲ್ಲಿ?" ಎಂದೆ. "ಶ್! ಹಿಟ್ಟು ಮಲಗಿದೆ" ಎಂದರು. ಅದು ಎದ್ದಾಗ ಹಾಸಿಗೆಯನ್ನೇ ಬಿಸಾಡಬೇಕಾಯಿತು, ಆ ಮಾತು ಬೇರೆ.

ಇಷ್ಟೆಲ್ಲ ಕಂಡುಹಿಡಿದ ಅತ್ತೆಗೆ ಒಂದನ್ನು ಮಾತ್ರ ಹುಡುಕಲು ಆಗಿರಲಿಲ್ಲ. ಅವರು ನಾಯಕಿಯಾಗಿದ್ದ ಒಂದು ಸಿನಿಮಾ. ಅದರ ಪ್ರಿಂಟು ಎಲ್ಲಿಯೂ ಇಲ್ಲವೆಂದು ಎಲ್ಲರೂ ಹೇಳಿಯಾಗಿತ್ತು. ಆದರೂ ಊರಿಗೆ ಹೊರಟವರನ್ನೆಲ್ಲ ಕಾಡುವುದು ಬಿಟ್ಟಿರಲಿಲ್ಲ. ಜನ ಸಾರಿನ ಪುಡಿ ತರಿಸಿದರೆ ಇವರು ಸಿನಿಮಾ ತರಿಸಹೊರಟಿದ್ದರು! ಕನ್ನಡದವರು ಸೇರಿದ ಕಡೆ ಹೊಸ ಮುಖ ಕಂಡರೆ ಸಾಕು, "ನಿಮ್ಮನೇಲಿ ಹಳೇ ವಿಡಿಯೋ ಕ್ಯಾಸೆಟ್ ಇದೆಯೇನಪ್ಪ?" ಎಂದು ಹಿಡಿದು ನಿಲ್ಲಿಸುತ್ತಿದ್ದರು. ಪಾಪ, ಮೊನ್ನೆ ಮೊನ್ನೆ ವಿಮಾನ ಇಳಿದ ಸಾಫ್ಟ್‌ವೇರ್ ಹುಡುಗರು ಬೆಬ್ಬೆಬ್ಬೆ ಎನ್ನುತ್ತಿದ್ದರು.

"ಅತ್ತೆ, ನಿಮ್ಮ ಆ ಮುಖ ಗೋಡೆ ಮೇಲೇ ಇದೆಯಲ್ಲ!" ಎಂದು ರೇಗಿಸುತ್ತಿದ್ದೆ.

"ಗೋಡೆ ಮೇಲಿರೋದು ಅಲ್ಲಾಡಲ್ಲ ಕಣೋ. ಆ ಮದುವೆ ಸೀನ್ ಒಂದ್ಸಲ ನೋಡ್ಬಿಟ್ರೆ ಸಾಕು ನಂಗೆ" ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದರು. ಚೆಲುವೆಯರಿಗೆ ಮುಪ್ಪು ಬಂದರೆ ಹೀಗೇ ಏನೋ ಎಂದುಕೊಳ್ಳುತ್ತಿದ್ದೆ.

ಕೊನೆಗೆ ಕ್ಯಾಸೆಟ್ ಸಿಕ್ಕಿದ್ದು ಒಶಾವಾದಲ್ಲಿ, ಉಡುಪಿ ಕಡೆಯ ಒಬ್ಬರ ಮನೆಯಲ್ಲಿ. "ಟಿವಿಯಲ್ಲಿ ಬಂದಾಗ ನಮ್ಮ ಮಾವ ರೆಕಾರ್ಡ್ ಮಾಡಿದ್ದು ಮಾರಾಯ್ರೆ. ಅರ್ಧ ಉಂಟು, ಅರ್ಧ ಇಲ್ಲ. ನೋಡಿ ಆಯ್ತಾ" ಎಂದು ಕೊಟ್ಟರು. ಹಿಮದಲ್ಲಿ ಕಾರು ಓಡಿಸಿಕೊಂಡು ಬಂದು ಅತ್ತೆಯ ಕೈಗಿಟ್ಟೆ.

ಟಿವಿಯಲ್ಲಿ ಅತ್ತೆ ಬಂದರು. ಅಬ್ಬಾ, ಎಂಥ ಚೆಲುವು! ಹೂದೋಟದಲ್ಲಿ ಹಾಡು ಶುರುವಾಯಿತು. "ಮುಂದಕ್ಕೆ ಓಡ್ಸೋ" ಎಂದರು ಅತ್ತೆ. ತಬ್ಬಿಬ್ಬಾದೆ. ತನ್ನ ಹಾಡನ್ನೇ ಓಡಿಸೆನ್ನುವ ನಾಯಕಿಯನ್ನು ಯಾರಾದರೂ ಕಂಡಿದ್ದೀರಾ? "ಓಡ್ಸೋ ಅಂದ್ನಲ್ಲ!" ಎಂದು ಗದರಿದರು. ಮದುವೆ ದೃಶ್ಯ ಬಂದೊಡನೆ, "ನಿಲ್ಸು!"

ಚಿತ್ರ ಗಡಗಡ ನಡುಗುತ್ತ ನಿಂತಿತು. ಅತ್ತೆ ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟರು. ಮದುಮಗಳ ಮೇಲಲ್ಲ. ಹಿಂದೆ, ನೆಂಟರ ಗುಂಪಿನಲ್ಲಿ ನಿಂತ ಹೆಂಗಸೊಬ್ಬಳ ಮೇಲೆ.

"ನಮ್ಮಮ್ಮ" ಎಂದರು.

ಆ ಕಾಲದಲ್ಲಿ ಹುಡುಗಿಯನ್ನು ಒಬ್ಬಳೇ ಸೆಟ್ಟಿಗೆ ಕಳಿಸುತ್ತಿರಲಿಲ್ಲ. ಅಜ್ಜಿ ಊಟದ ಕ್ಯಾರಿಯರ್ ಹಿಡಿದು ಜೊತೆಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದರಂತೆ. ಆ ದಿನ ಗುಂಪಿಗೆ ಜನ ಸಾಲದೆ ಡೈರೆಕ್ಟರು ಅವರನ್ನೂ ಎಳೆದು ನಿಲ್ಲಿಸಿದ್ದರು. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಅಜ್ಜಿಯ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ತೀರಿಹೋದರು. ಅತ್ತೆಗೆ ಇಲ್ಲಿ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಅಜ್ಜಿಯನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಕ್ಯಾಸೆಟ್ ಮತ್ತೆ ಓಡಿತು. ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಅಜ್ಜಿ ಮಾತ್ರ ಮಗಳತ್ತ ನೋಡಿ, ತಮ್ಮ ಬೆನ್ನು ಮುಟ್ಟಿಕೊಂಡು ಕೈಸನ್ನೆ ಮಾಡುತ್ತಿದ್ದರು.

"ಏನಂತಿದಾರೆ ಅತ್ತೆ?"

"ನೆಟ್ಟಗೆ ಕೂತ್ಕೋ ಅಂತ. ಯಾವಾಗ್ಲೂ ಅದೇ ಅವಳದ್ದು. ಶಾಟ್ ಹಾಳು ಮಾಡಿದ್ಲು ಅಂತ ಅವತ್ತು ನಾನು ಊಟಾನೇ ಮಾಡ್ಲಿಲ್ಲ ಕಣೋ." ಸೆರಗಿನಿಂದ ಮೂಗು ಒರೆಸಿಕೊಂಡರು. "ಹಿಂದಕ್ಕೆ ತಿರುಗಿಸು. ಇನ್ನೊಂದ್ಸಲ."

ತಿರುಗಿಸಿದೆ. ವರ್ಷಗಟ್ಟಲೆ ಸಾಲ್ಡರಿಂಗ್ ಮೇಜಿನ ಮೇಲೆ ಬಾಗಿ ಅತ್ತೆಯ ಬೆನ್ನು ಗೂನಾಗಿತ್ತು. ಡಾಕ್ಟರು ಹೇಳಿದರೂ, ನಾನು ಹೇಳಿದರೂ ಕೇಳಿದವರಲ್ಲ. ತೆರೆಯ ಮೇಲೆ ಅಜ್ಜಿ ಮತ್ತೆ ಕೈಯೆತ್ತಿದರು. ಅತ್ತೆ ಸೋಫಾದ ಅಂಚು ಹಿಡಿದು, ನೋವಿಗೆ ತುಟಿ ಕಚ್ಚಿ, ನಿಧಾನವಾಗಿ ನೆಟ್ಟಗೆ ಕೂತರು.