ನನ್ನ ಬಾಯಲ್ಲಿ ಲಾರೆನ್ಸನ ಸಾವು

ಹಾವಿಗೆ ಹೆದರುವವರನ್ನು ಕಂಡರೆ ಜನ ನಗುವುದಿಲ್ಲ. ನಾನು ಹೆದರುವುದು ಅಸ್ತು ದೇವತೆಗಳಿಗೆ. ನಾವು ಕೆಟ್ಟದ್ದನ್ನು ನುಡಿದ ಗಳಿಗೆಯಲ್ಲೇ ಅವರು ತಲೆಯ ಮೇಲೆ ಹಾದುಹೋಗುತ್ತ "ಅಸ್ತು" ಎಂದುಬಿಟ್ಟರೆ ಮುಗಿಯಿತು, ಅದು ಆಗಿಯೇ ತೀರುತ್ತದೆ ಎಂದು ಧಾರವಾಡದಲ್ಲಿ ನಮ್ಮವ್ವ ಕಲಿಸಿದ್ದಳು. ದೀಪ ಆರಿಸುವಾಗಲೂ "ದೊಡ್ಡದು ಮಾಡು" ಎನ್ನುವ ಮನೆ ನಮ್ಮದು.

ಇಂಥ ನಾನು ಮುಂಬಯಿಯ ಸಾಕ್ಷ್ಯಚಿತ್ರದ ಕಚೇರಿಯೊಂದರಲ್ಲಿ ಗುಮಾಸ್ತ. ಕನ್ನಡ ಬಲ್ಲವನು ನಾನೊಬ್ಬನೇ ಆದ್ದರಿಂದ ಚಿತ್ರಗಳ ಕನ್ನಡದ ದನಿಯೂ ನನ್ನದೇ. ಆಣೆಕಟ್ಟು, ಮಲೇರಿಯಾ, ಜೇನುಸಾಕಣೆ ಎಲ್ಲಕ್ಕೂ ನಿರ್ಭಯವಾಗಿ ದನಿ ಕೊಟ್ಟಿದ್ದೆ. ಆಮೇಲೆ ಲಾರೆನ್ಸ್ ಬಂದ. ಹೋಟೆಲುಗಳ ಡಾನ್ಸಿಗೆ ಜಾಝ್ ಸಂಗೀತ ಕಟ್ಟಿ, ಎದೆರೋಗದಿಂದ ಎಳೆವಯಸ್ಸಿನಲ್ಲೇ ತೀರಿಕೊಂಡ ಗೋವೆಯವನು. ಊರು ಅವನನ್ನು ಮರೆತೇಬಿಟ್ಟಿತ್ತು. ಸತ್ತವನೇ ತನ್ನ ಕಥೆ ಹೇಳುವಂತೆ ನಮ್ಮ ಕಚೇರಿಯ ಸಾಹೇಬರು ಚಿತ್ರ ಮಾಡಿದ್ದರು. ಅದರ ಕೊನೆಯ ಮಾತು: "ನಾನು ಹೋಗುತ್ತೇನೆ. ಇನ್ನು ಬರುವುದಿಲ್ಲ."

ಅವನು ಸತ್ತ ವಯಸ್ಸೇ ಆಗ ನನ್ನ ವಯಸ್ಸು. ಸಾಲದ್ದಕ್ಕೆ ನನಗೂ ಕೆಮ್ಮು ಹಿಡಿದಿತ್ತು. ವಡಾಲದ ಚಾಳಿನ ಮನೆಗೆ ಬಂದು, ಧೈರ್ಯ ಹೇಳಿಯಾಳೆಂದು ಹೆಂಡತಿ ಸರಸಿಗೆ ತಿಳಿಸಿದೆ.

"ಆ ಮಾತೊಂದು ಬಾಯಾಗ ತರಬ್ಯಾಡ್ರಿ! ಮೊದಲ ನಿಮಗ ಕೆಮ್ಮದ" ಎಂದು ಅವಳು ಅಳತೊಡಗಿದಳು.

ಮರುದಿನ ಸ್ಟುಡಿಯೋದಲ್ಲಿ ಪರದೆಯ ಮೇಲೆ ಲಾರೆನ್ಸನ ಫೋಟೋ. ಕೆನ್ನೆ ಒಳಗೆ ಹೋಗಿದ್ದರೂ ನಗುತ್ತಿದ್ದ. ಅವನನ್ನು ನೋಡಿ ಅಯ್ಯೋ ಪಾಪ ಎನ್ನಿಸಿತು; ನನ್ನನ್ನು ನೆನೆದು ಇನ್ನೂ ಹೆಚ್ಚು. ಗಾಜಿನಾಚೆಯಿಂದ ಸಾಹೇಬರು, "ಅರೇ ಭಾಯ್, ಮರನೇ ವಾಲೀ ಲೈನ್ ಬೋಲೋ!" ಎಂದು, ಆ ಸಾಯುವ ಸಾಲನ್ನು ಹೇಳಲು ಕೂಗಿದರು. ಮನೆಯಿಂದ ಹೊರಡುವಾಗ ನಮ್ಮವರು ಯಾರೂ ಬರಿದೆ "ಹೋಗುತ್ತೇನೆ" ಎನ್ನುವುದಿಲ್ಲವಲ್ಲ, ಬಾಯಿ ತಾನಾಗಿಯೇ ಆಡಿಬಿಟ್ಟಿತು: "ನಾನು ಹೋಗಿ ಬರುತ್ತೇನೆ. ಖಂಡಿತ ಬರುತ್ತೇನೆ."

"ಫಸ್ಟ್ ಕ್ಲಾಸ್! ಕ್ಯಾ ದರ್ದ್ ಹೈ!" ಎಂದು ನನ್ನ ದನಿಯ ನೋವನ್ನು ಮೆಚ್ಚಿದರು ಕನ್ನಡದ ಗಂಧವಿಲ್ಲದ ಸಾಹೇಬರು.

ವಾರದೊಳಗೆ ಕೆಮ್ಮು ಹೋಯಿತು, ಜೀವ ಉಳಿಯಿತು. ಚಹಾ ಕುಡಿಯುತ್ತ ಸರಸಿಗೆ ನನ್ನ ಜಾಣತನವನ್ನು ಬಣ್ಣಿಸಿದೆ. ಅವಳ ಮುಖ ಬಿಳಿಚಿಕೊಂಡಿತು.

"ಸತ್ತಾಂವನ ಕಡಿಂದ ಬರ್ತೀನಿ ಅನ್ನಿಸಿ ಬಂದೀರೇನು? ಖರೇನ ಬಂದ್ರ ಅಂವಾ ಎಲ್ಲಿಗೆ ಬರ್ತಾನ? ಯಾರ ದನಿಲೆ ಮಾತು ಕೊಟ್ಟಾನೋ ಅವರ ಮನಿಗೇ ಅಲ್ಲೇನು?"

ಇದು ನನಗೆ ಹೊಳೆದೇ ಇರಲಿಲ್ಲ. ಈಗ ಸಂಜೆ ಕಚೇರಿಯಿಂದ ಮರಳಿ, ಬಾಗಿಲು ತಟ್ಟಿ "ನಾನು ಬಂದೆ" ಎಂದರೆ ಒಳಗಿಂದ "ನಾನು ಅಂದ್ರ ಯಾರು?" ಎಂಬ ನಡುಗುವ ಪ್ರಶ್ನೆ. ಹೆಸರು, ಗೋತ್ರ, ಮಾವನ ಊರು ಎಲ್ಲ ಒಪ್ಪಿಸಿದರೂ ಚಿಲಕ ತೆಗೆಯುವುದಿಲ್ಲ. ಅವಳನ್ನು ಬೈಯಲಾರೆ. ಕತ್ತಲ ಓಣಿಯಲ್ಲಿ ನಿಂತು "ನಾನ ಅದೀನಿ" ಎನ್ನುವಾಗ ಆ ದನಿ ಕೇಳಿ ನನಗೇ ಎದೆ ಝಲ್ಲೆನ್ನುತ್ತದೆ.