ನನ್ನ ನಿದ್ದೆಯ ಟೂರ್ ಡೈರಿ

ನಿದ್ದೆ ಮಾಡುವವನನ್ನು ಕಂಡರೆ ಜನಕ್ಕೆ ಅಷ್ಟು ಹೊಟ್ಟೆಕಿಚ್ಚು ಯಾಕೋ ತಿಳಿಯದು. ನಾನಂತೂ ನಿದ್ದೆ ಮಾಡದೆಯೇ ಆ ಹೆಸರು ಹೊತ್ತವನು. ನನಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಇದೆ. ಮಿದುಳು ಹೇಳಿದ್ದು ಸ್ನಾಯುಗಳಿಗೆ ಸರಿಯಾಗಿ ತಲುಪುವುದಿಲ್ಲ. ನಮ್ಮ ಕಚೇರಿಯಲ್ಲಿ ಮೇಲಿನವರ ಆದೇಶ ಕೆಳಗಿನವರಿಗೆ ತಲುಪದ ಹಾಗೆ. ಮಧ್ಯಾಹ್ನ ದಾಟಿದರೆ ರೆಪ್ಪೆಗಳು ತಾವಾಗಿ ಇಳಿಯುತ್ತವೆ. ನಾನು ಪೂರ್ತಿ ಎಚ್ಚರವಾಗಿ ಫೈಲು ಓದುತ್ತಿರುವಾಗಲೇ ಪಕ್ಕದ ಮೇಜಿನವರು "ಸಾಬ್ ಸೋ ಗಯೇ", ಸಾಹೇಬರು ಮಲಗಿಬಿಟ್ಟರು, ಎಂದು ದನಿ ತಗ್ಗಿಸುತ್ತಾರೆ. ಉಪ್ಪಲ್ ಬಡಾವಣೆಯ ಮನೆಗೆ ಬಂದು ಹಾಸಿಗೆ ಸೇರಿದರೆ, ಕಣ್ಣು ಮುಚ್ಚಿದ್ದರೂ ಮಾತ್ರೆಗಳ ಪ್ರಭಾವಕ್ಕೆ ನಿದ್ದೆ ಹತ್ತುವುದಿಲ್ಲ. ಹತ್ತಿದರೂ ಬೆಳಿಗ್ಗೆ ತಲೆ ಭಾರ.

ಇದನ್ನೆಲ್ಲ ಕೇಳಿದ ಡಾಕ್ಟರಮ್ಮ, ಕಲಬುರಗಿ ಕಡೆಯವರು, ಒಂದು ಹಾಳೆ ಕೊಟ್ಟರು. ಹದಿನಾಲ್ಕು ರಾತ್ರಿಗಳ ಲೆಕ್ಕ: ಎಷ್ಟಕ್ಕೆ ಮಲಗಿದಿರಿ, ಎಷ್ಟು ಸಲ ಎಚ್ಚರವಾಯಿತು, ಕೊನೆಯ ಕಾಲಮಿನಲ್ಲಿ ಜೊತೆಗೆ ಮಲಗುವವರು ಕಂಡದ್ದೇನು. "ದಿನಾ ಮುಂಜಾನೆ ಎದ್ದ ಕೂಡ್ಲೆ ಬರೀರಿ. ಈ ರೋಗದಾಗ ನಿದ್ದಿಯೊಳಗ ಉಸಿರಾಡೋ ಸ್ನಾಯುನೂ ಸೋಲಬಹುದು. ಹಂಗೇನರ ಇದ್ರ ರಾತ್ರಿ ಉಸಿರಿನ ಮಷೀನ್ ಹಾಕಬೇಕಾಗ್ತೈತಿ" ಎಂದರು.

ನನ್ನದು ಇಪ್ಪತ್ತೆಂಟು ವರ್ಷ ಸರ್ಕಾರಿ ನೌಕರಿ ಮಾಡಿದ ಕೈ. ನಮ್ಮಲ್ಲಿ ಕೆಲಸದ ಮೇಲೆ ಊರೂರು ಸುತ್ತಿದ ಲೆಕ್ಕವಾದ ಟೂರ್ ಡೈರಿಯನ್ನು ದಿನಾ ಬರೆಯುವವರು ಹೊಸದಾಗಿ ಸೇರಿದವರು ಮಾತ್ರ. ಉಳಿದವರು ತಿಂಗಳ ಕೊನೆಗೆ ಒಂದೇ ಸಲ ಕೂತು, ಹೋದ ಊರು, ಹೋಗದ ಊರು ಎಲ್ಲವನ್ನೂ ಮುಗಿಸುತ್ತಾರೆ. ಡಾಕ್ಟರ ಬಳಿ ಹೋಗುವ ಹಿಂದಿನ ಸಂಜೆ ನಾನೂ ಹಾಗೇ ಕೂತೆ. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ಎರಡು ಬಣ್ಣದ ಪೆನ್ನು ಬಳಸಿದೆ. ಎಲ್ಲ ರಾತ್ರಿಯೂ ಚೆನ್ನಾಗಿದ್ದರೆ ಅನುಮಾನ ಬರುತ್ತದೆಂದು ಅಲ್ಲಲ್ಲಿ ಮೂರು ಗಂಟೆಗೆ ನೀರು ಕುಡಿಯಲು ಎದ್ದೆ. ಕೊನೆಯ ಕಾಲಮಿಗೆ ಹೆಂಡತಿ ಸರೋಜಳನ್ನು ಕೇಳುವ ಗೋಜಿಗೇ ಹೋಗದೆ ಮೇಲಿಂದ ಕೆಳಗಿನವರೆಗೆ 'ವಿಶೇಷವೇನಿಲ್ಲ' ಎಂದು ಬರೆದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಮೂಗಿಗೆ ಮಷೀನಿನ ಮಾಸ್ಕ್ ಕಟ್ಟಿಕೊಂಡು ಮಲಗುವುದು ನನ್ನಿಂದಾಗದ ಮಾತು. ಕಾಗದದ ಮೇಲೆ ಇಲ್ಲದ್ದು ಎಲ್ಲೂ ಇಲ್ಲ ಎಂಬ ಧೈರ್ಯವನ್ನು ನೌಕರಿಯೇ ಕಲಿಸಿತ್ತು.

ಮರುದಿನ ಡಾಕ್ಟರಮ್ಮ ಹಾಳೆಯ ಮೇಲೆ ಬೆರಳಿಟ್ಟು ಎಣಿಸಿದರು. "ಹಾಳಿ ಕೊಟ್ಟು ಹದಿಮೂರ ರಾತ್ರಿ ಆಗ್ಯಾವ, ನೀವು ಹದಿನಾಲ್ಕೂ ತುಂಬೀರಿ. ಇವತ್ತ ರಾತ್ರಿ ಮೂರಕ್ಕ ನೀರಿಗೆ ಏಳೋದು ನಿಮಗ ಈಗ್ಲೇ ಗೊತ್ತೈತೇನ್ರಿ?"

ನನ್ನ ರೆಪ್ಪೆಗಳು ಇಳಿದವು. ಈ ಕಾಯಿಲೆಗೆ ನಾನು ಕೃತಜ್ಞನಾದದ್ದು ಆಗೊಮ್ಮೆ ಮಾತ್ರ. ಅವರು ಹಾಳೆಯನ್ನು ನನ್ನ ಪಕ್ಕದಲ್ಲಿ ಕೂತಿದ್ದ ಸರೋಜಳ ಕಡೆ ತಿರುಗಿಸಿ, "ವಿಶೇಷೇನಿಲ್ಲ ಅಂತ ನೀವ ಬರೆಸಿದ್ರೇನವಾ?" ಎಂದರು.

"ನನ್ನ ಯಾರೂ ಕೇಳೇ ಇಲ್ರಿ" ಎಂದಳು ಸರೋಜ. "ಕೇಳಿದ್ರ ಹೇಳತಿದ್ದೆ. ಇವ್ರಿಗೆ ನಿದ್ದಿ ಹತ್ತಿದ ಮ್ಯಾಲೆ ನಡುನಡುವ ಉಸಿರು ನಿಂತಬಿಡ್ತೈತ್ರಿ. ನಾ ಹೊಟ್ಟಿ ಮ್ಯಾಲೆ ಕೈ ಇಟಗೊಂಡ ಕೂತಿರ್ತೀನಿ. ಮತ್ತ ಹೊಟ್ಟಿ ಏಳೂತನಕ ನನ್ನ ಜೀವದಾಗ ಜೀವ ಇರಂಗಿಲ್ಲ. ನಾಕು ತಿಂಗಳಾತು, ಭಾಳ ಅಂಜಿಕಿ ಆಗ್ತೈತಿ."

ನಾಲ್ಕು ತಿಂಗಳು! ಪಕ್ಕದಲ್ಲೇ ಒಬ್ಬಳು ಪಹರೆ ಕೂತಿದ್ದಳು, ನಾನು ಅದನ್ನು ಎರಡು ಬಣ್ಣದ ಪೆನ್ನಿನಲ್ಲಿ ಇಲ್ಲವೆಂದು ಬರೆದಿದ್ದೆ. ಬಹಳ ನಾಚಿಕೆಯಾಯಿತು. ಡಾಕ್ಟರಮ್ಮ ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟರು. ಹೊಸ ಹಾಳೆಯನ್ನು ನನ್ನ ಕೈಗೆ ಕೊಡಲಿಲ್ಲ, ಸರೋಜಳ ಕೈಗೆ ಕೊಟ್ಟರು.

ಪರೀಕ್ಷೆಯಲ್ಲಿ ಅವಳು ಹೇಳಿದ್ದೇ ನಿಜವಾಯಿತು, ಮಷೀನೂ ಬಂತು. ಮೊದಲ ವಾರ ಉಸಿರು ಕಟ್ಟಿದಂತಾಗಿ ಗೋಳಾಡಿದೆ. ಈಗ ಮಾಸ್ಕ್ ಹಾಕಿದ ಸ್ವಲ್ಪ ಹೊತ್ತಿಗೇ ನಿದ್ದೆ. ನನ್ನ ಹಾಳೆಯನ್ನು ಸರೋಜ ದಿನಾ ತಪ್ಪದೆ ತುಂಬುತ್ತಾಳೆ. ಅದರ ಅಂಚಿನಲ್ಲಿ ನಾನೇ ಸ್ಕೇಲಿಟ್ಟು ಇನ್ನೊಂದು ಕಾಲಂ ಎಳೆದಿದ್ದೇನೆ: 'ಸರೋಜಳ ನಿದ್ದೆ'. ಅದನ್ನು ತುಂಬುವುದು ನನ್ನ ಕೆಲಸ. ತುಂಬಬೇಕಾದರೆ ನಾನು ಎಚ್ಚರವಿರಬೇಕು, ಅದು ಆಗುತ್ತಿಲ್ಲ. ಬೆಳಿಗ್ಗೆ ಕೇಳಿದರೆ, ಒಲೆಯಿಂದ ಮುಖ ತಿರುಗಿಸದೆಯೇ, "ಚಲೋ ನಿದ್ದಿ ಬಂತ್ರಿ, ನೀವ್ ಚಾ ಕುಡೀರಿ" ಎನ್ನುತ್ತಾಳೆ. ದಿನಾ ಅದೇ ಉತ್ತರ, ಅಷ್ಟೇ ಬೇಗ. ಟೂರ್ ಡೈರಿ ಬರೆದವನಿಗೆ ಅಂಥ ಕಟ್ಟಿದ ಉತ್ತರದ ಗುರುತು ಸಿಗದೆ ಇರುತ್ತದೆಯೇ? ಕಾಲಮನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ.