ದನಿ ಮರಳಿ ಬಂದ ತಪ್ಪಿಗಾಗಿ ನಮ್ಮ ಟಿ.ವಿ.ಗೆ

ನಡುಮನೆಯ ಗೋಡೆಯನ್ನೇ ಸಿಂಹಾಸನ ಮಾಡಿಕೊಂಡು, ನಮ್ಮ ಕುರ್ಚಿಗಳನ್ನೆಲ್ಲ ತಮ್ಮತ್ತಲೇ ತಿರುಗಿಸಿಕೊಂಡಿರುವ ಮಾನ್ಯ ಟಿ.ವಿ.ಯವರೇ,

ಮನೆಮಂದಿಯ ಸವಿನಯ ವಂದನೆಗಳು. ತಾವು ಪೂರ್ತಿ ಗುಣಮುಖರಾಗಿ, ಪಕ್ಕದ ಬೀದಿಗೂ ಕೇಳಿಸುವಷ್ಟು ಆರೋಗ್ಯದಿಂದಿರುವುದನ್ನು ಕಂಡು ನಮಗಾಗಿರುವ ದುಃಖವನ್ನು ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರಲು ಬಯಸುತ್ತೇನೆ.

ಕಳೆದ ತಿಂಗಳ ಒಂದು ಸಂಜೆ, ಧಾರಾವಾಹಿಯ ಸೊಸೆ ಅತ್ತೆಯತ್ತ ಬೆರಳು ತೋರಿಸಿ ಬಾಯಿ ತೆರೆದ ಗಳಿಗೆಯಲ್ಲೇ ತಾವು ಮೌನವ್ರತ ಹಿಡಿದಿರಿ. ಚಿತ್ರವಿತ್ತು, ದನಿಯಿರಲಿಲ್ಲ. ನನ್ನ ಹೆಂಡತಿ ತಮ್ಮ ಬೆನ್ನಿಗೆ ಕೊಟ್ಟ ಏಟುಗಳು ಚಿಕಿತ್ಸೆಯ ಭಾಗವೇ ಹೊರತು ದ್ವೇಷದವಲ್ಲ. ಕರೆಸಿದ ಮೆಕ್ಯಾನಿಕ್ ತಮ್ಮ ಹೊಟ್ಟೆ ಬಿಚ್ಚಿ ನೋಡಿ, "ರಿಪೇರಿ ಮಾಡ್ಸಿ ಅಂತಾನೂ ಹೇಳಲ್ಲ, ಹೊಸದು ತಗೊಳ್ಳಿ ಅಂತಾನೂ ಹೇಳಲ್ಲ, ಆಮೇಲೆ ನನ್ನ ಬೈಬೇಡಿ" ಎಂಬ ಅಮೂಲ್ಯ ಸಲಹೆ ಕೊಟ್ಟರು. ಹೊಸದೇ ಬೇಕೆಂದು ಹೆಂಡತಿ, ರಿಪೇರಿಯೇ ಸಾಕೆಂದು ನಾನು. ನಮ್ಮ ವಾದ ತಮ್ಮ ಧಾರಾವಾಹಿಯನ್ನೂ ಮೀರಿ ಬೆಳೆಯಿತು. ಕೊನೆಗೆ ನಾನೇ ಗೆದ್ದೆ, ಬಿಡಿಭಾಗಕ್ಕೆ ಹೇಳಿ ಎಲ್ಲರೂ ಕಾದೆವು.

ನನ್ನ ಅಮ್ಮನಿಗೆ ಕಿವಿ ಮಂದವಾಗಿ ವರ್ಷಗಳಾದವು. ಶ್ರವಣಯಂತ್ರ ಹಾಕಿದರೆ ತಲೆಯೊಳಗೆ ಜೀರುಂಡೆ ಕೂಗುತ್ತದೆಂದು ತೆಗೆದಿಟ್ಟಿದ್ದಾರೆ. ತಾವು ಅರಚುತ್ತಿದ್ದ ಕಾಲದಲ್ಲಿ ಅವರು "ಏನಂದ್ಲು?" ಎಂದು ಕೇಳಿದರೆ, ನಾವು "ಆಮೇಲೆ ಹೇಳ್ತೀವಿ" ಎಂದು ಕೈಯಾಡಿಸಿ ಮರೆತುಬಿಡುತ್ತಿದ್ದೆವು. ತಾವು ಮೂಕರಾದ ಮೇಲೆ ನಾವೆಲ್ಲ ಪೆಚ್ಚಾಗಿ ಚಿತ್ರ ನೋಡುತ್ತಿದ್ದಾಗ, ಅಮ್ಮ ಮೂಲೆಯಿಂದ ನಿರಾಳವಾಗಿ, "ಈ ಮನೇಲಿ ಕಾಫಿ ಅಂದ್ರೆ ಬಿಸಿನೀರು ಅಂತಿದಾಳೆ" ಎಂದರು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಆದರೆ ಮುಂದಿನ ದೃಶ್ಯಕ್ಕೆ ತಡೆಯಲಾಗದೆ, ಕಿವಿ ಮಂದವಾದ ಅಮ್ಮ ತುಟಿ ನೋಡಿಯೇ ಮಾತು ತಿಳಿಯುತ್ತಾರೆಂದು ನಂಬಿ, ಅವರ ಕಿವಿಯ ಹತ್ತಿರ ಬಾಗಿ, "ಅತ್ತೆ, ಅವನೇನಂದ?" ಎಂದು ಕೂಗಿ ಕೇಳಿದಳು. "ತಾಳು, ಆಮೇಲೆ ಹೇಳ್ತೀನಿ" ಎಂದರು ಅಮ್ಮ.

ಅಂದಿನಿಂದ ಎದುರುಮನೆಯ ದರ್ಜಿಯೂ ಹೊಲಿಗೆ ಅರ್ಧಕ್ಕೆ ಬಿಟ್ಟು ಬರತೊಡಗಿದರು. ಅಮ್ಮನ ಬಾಯಲ್ಲಿ ಗಡ್ಡದವನೊಬ್ಬ ಒಡವೆ ಕದ್ದ. ನ್ಯಾಯಾಧೀಶರು ಅಡುಗೆಯವಳಿಗೆ ಮನಸೋತರು. ಅಷ್ಟರಲ್ಲಿ ಬಿಡಿಭಾಗ ಬಂತು, ತಾವು ಬಾಯಿ ಬಿಟ್ಟಿರಿ, ನಮ್ಮ ಬಾಯಿ ಮುಚ್ಚಿತು. ಗಡ್ಡದವನು ಬರೀ ದನದ ಡಾಕ್ಟರು! ಅದೂ ಅಲ್ಲದೆ ಧಾರಾವಾಹಿ ಬೇರೆ ಭಾಷೆಯಿಂದ ಡಬ್ ಆದದ್ದೆಂಬುದು ಆಗಷ್ಟೇ ನಮಗೆ ನೆನಪಾಯಿತು, ತುಟಿಯಲ್ಲಿ ಓದಲು ಏನೂ ಇರಲಿಲ್ಲ. ಅಮ್ಮ ಹೇಳಿದ್ದೆಲ್ಲ ಅಪ್ಪಟ ಸ್ವಂತ ಸರಕು. ನಮ್ಮ ಮುಖ ನೋಡಿಯೇ ವಿಷಯ ಅರಿತ ಅಮ್ಮ, "ಬಟ್ಟೆ ಮಡಚೋದಿದೆ" ಎನ್ನುತ್ತ ಎದ್ದು ಒಳಗೆ ಹೋದರು.

ಡಾಕ್ಟರು ಆ ಕಂತು ಮುಗಿಯುವವರೆಗೂ ಒಂದು ಕರುವಿಗೆ ಮದ್ದು ಕುಡಿಸುವ ಲಕ್ಷಣ ಕಂಡಿತು. ಆಗ, ಕಾಫಿಯ ಮಾತು ಕೇಳಿಸಿಕೊಂಡಿದ್ದ ನನ್ನ ಹೆಂಡತಿಯೇ ಮ್ಯೂಟ್ ಒತ್ತಿ, ಒಳಕೋಣೆಗೆ ಹೋಗಿ, "ಅತ್ತೆ, ಆ ಗಡ್ಡದವನು ಏನೋ ಗೊಣಗ್ತಿದಾನೆ, ನಂಗೊಂದೂ ಗೊತ್ತಾಗ್ತಿಲ್ಲ, ಬನ್ನಿ!" ಎಂದು ಕೂಗಿದಳು. ಅಮ್ಮ ಅವಳ ಮುಖವನ್ನೇ ತುಸು ಹೊತ್ತು ನೋಡಿ, "ಅವನಾ? ಒಡವೆ ಕರು ಹೊಟ್ಟೇಲಿ ಬಚ್ಚಿಟ್ಟಿದಾನೆ" ಎನ್ನುತ್ತ ಸೊಸೆಯ ಕೈ ಹಿಡಿದು ಹೊರಬಂದರು.

ಆದ್ದರಿಂದ ತಮ್ಮನ್ನು ಬದಲಾಯಿಸುವುದೂ ಇಲ್ಲ, ಮಾತಾಡಗೊಡುವುದೂ ಇಲ್ಲವೆಂದು ತೀರ್ಮಾನವಾಗಿದೆ. ಅಮ್ಮ ಈಗ ವಾರ್ತೆಯನ್ನೂ ವಹಿಸಿಕೊಂಡಿದ್ದು, ಮಂತ್ರಿಗಳು ತಪ್ಪೊಪ್ಪಿಕೊಳ್ಳುತ್ತಿದ್ದಾರೆ, ಹವಾಮಾನದವರು ತಮಗೂ ಏನೂ ತಿಳಿಯದೆಂದು ಕೈಮುಗಿಯುತ್ತಿದ್ದಾರೆ. ಇವರೆಲ್ಲ ಇನ್ನು ಮುಂದೆ ಅಮ್ಮನ ಮಾತಿಗೆ ತಕ್ಕಂತೆ ನಡೆದುಕೊಳ್ಳುವಂತೆ ತಾವು ದಯವಿಟ್ಟು ಅಪ್ಪಣೆ ಮಾಡಬೇಕಾಗಿ ಕೋರುತ್ತೇನೆ.

ತಮ್ಮ ಮೌನದ ಮೇಲೆ ಮಾತ್ರ ವಿಶ್ವಾಸವಿಟ್ಟಿರುವ
ತಮ್ಮ ವಿಶ್ವಾಸಿ,
ಎದುರು ಕುರ್ಚಿಯವ

ಮರೆತ ಮಾತು: ತಮ್ಮ ರಿಮೋಟಿನಲ್ಲಿ ಒಂದು ಗುಂಡಿ ಮಾತ್ರ ಸವೆಯುತ್ತಿದೆ. ಮಿಕ್ಕವನ್ನು ವಾಪಸು ಪಡೆಯುವ ಇಚ್ಛೆಯಿದ್ದರೆ ತಿಳಿಸಿ, ದಯವಿಟ್ಟು ಬರವಣಿಗೆಯಲ್ಲಿ.